ಕಟ್ಟಡದ ವ್ಯಾಜ್ಯ ಮತ್ತು ವಕೀಲನ ಕಾಯಕ

ನಮ್ಮ ನಾಡಿನ ಹಿರಿಯರು ಎರಡು ಮಾತುಗಳನ್ನು ಮಕ್ಕಳ ಕಿವಿಯಲ್ಲಿ ತಪ್ಪದೆ ಹಾಕುತ್ತಿದ್ದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಒಂದು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬುದು ಇನ್ನೊಂದು. ಮೊದಲನೆಯದು ಖರ್ಚಿನ ಎಚ್ಚರ, ಎರಡನೆಯದು ವ್ಯಾಜ್ಯದ ಎಚ್ಚರ. ಈ ಎರಡೂ ಮಾತುಗಳು ಒಂದೇ ಮನೆಯ ಹೊಸ್ತಿಲಲ್ಲಿ ಸೇರಿಬಿಟ್ಟರೆ ಆ ಕುಟುಂಬದ ಪಾಡೇನು? ಆ ಹೊಸ್ತಿಲಲ್ಲಿ ನಿಂತು ದಾರಿ ತೋರಿಸುವ ವಕೀಲನ ಕೆಲಸವನ್ನು ನಾವು ಕಾಯಕವೆಂದು ಕರೆಯಬಹುದೇ? ಇದನ್ನು ಓದುಗ ಬಂಧುಗಳೊಡನೆ ಸೇರಿ ವಿಚಾರಿಸುವುದು ಈ ಬರಹದ ಉದ್ದೇಶ.

ಇದಕ್ಕೊಂದು ನಿಮಿತ್ತವಿದೆ. ಮೈಸೂರಿನಲ್ಲಿ ನೆಲೆಸಿರುವ, ನಮಗೆ ಬಹುಕಾಲದ ಪರಿಚಯವಿರುವ ನಿವೃತ್ತ ಮೇಷ್ಟ್ರೊಬ್ಬರು ಕಳೆದ ವರ್ಷ ಒಂದು ಸಂಜೆ ಪೂಜೆಯ ವೇಳೆಗೆ ಬಂದರು. ಅವರ ಮಗಳು ಸಿವಿಲ್ ಎಂಜಿನಿಯರಿಂಗ್ ಮುಗಿಸಿ ನಾಲ್ಕು ವರ್ಷ ಕೆಲಸ ಮಾಡಿದವಳು. ಕೈಗೆ ಬಂದ ಸಂಬಳವನ್ನು ಬಿಟ್ಟು ಮೂರು ವರ್ಷದ ಕಾನೂನು ಪದವಿಗೆ ಸೇರುತ್ತೇನೆ, ಕಟ್ಟಡದ ವ್ಯಾಜ್ಯಗಳನ್ನೇ ನಡೆಸುವ ವಕೀಲಳಾಗುತ್ತೇನೆ ಎಂದು ಹಟ ಹಿಡಿದಿದ್ದಳು. ಆ ಸಮಯದಲ್ಲಿಯೇ ಒಳ್ಳೆಯ ಮನೆತನದ ಸಂಬಂಧವೂ ಕೂಡಿಬರುವಂತಿತ್ತು. "ಗುರುಗಳೇ, ಕಟ್ಟುವ ವಿದ್ಯೆ ಕಲಿತವಳು ಈಗ ಜಗಳದ ವಿದ್ಯೆಗೆ ಹೋಗುತ್ತಾಳಂತೆ. ನೀವೇ ನಾಲ್ಕು ಬುದ್ಧಿಮಾತು ಹೇಳಬೇಕು" ಎಂದು ಮೇಷ್ಟ್ರು ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಅಳುಕೇ ಹೆಚ್ಚಾಗಿತ್ತು.

ನಾವು ತಟ್ಟನೆ ಉತ್ತರ ಹೇಳಲಿಲ್ಲ. ಏಕೆಂದರೆ ಅಂತಹ ಒಬ್ಬ ವಕೀಲರನ್ನು ಅದೇ ಮೇಷ್ಟ್ರ ಜೊತೆಯಲ್ಲಿ, ಅದೇ ಮನೆಯ ಕಷ್ಟಕಾಲದಲ್ಲಿ ನಾವು ಹತ್ತಿರದಿಂದ ನೋಡಿದ್ದೆವು.

ಮೇಷ್ಟ್ರು ನಿವೃತ್ತಿಯ ಹಣವನ್ನೆಲ್ಲ ಕೂಡಿಸಿ, ಬ್ಯಾಂಕಿನ ಸಾಲವನ್ನೂ ಮಾಡಿ, ಮೂವತ್ತು-ನಲವತ್ತು ಅಡಿಯ ನಿವೇಶನದಲ್ಲಿ ಹದಿನಾಲ್ಕು ಚದರದ ಮನೆ ಕಟ್ಟಿಸತೊಡಗಿದ್ದರು. ಕರಾರು ಎಂಬುದು ಒಂದೇ ಹಾಳೆ. ಚದರಕ್ಕೆ ಇಷ್ಟು ರೂಪಾಯಿ ಎಂಬುದನ್ನು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ಮೋಲ್ಡ್ ಹಾಕಿದ ಮೇಲಿನ ಮೊದಲ ಮುಂಗಾರಿಗೇ ಅಡಿಗೆಮನೆಯ ಮೂಲೆ ಸೋರಿತು. ಗೋಡೆಯೂ ತೊಲೆಯೂ ಸೇರುವಲ್ಲಿ ಬಿರುಕು ಕಾಣಿಸಿತು. ಮೇಷ್ಟ್ರು ಕೊನೆಯ ಕಂತನ್ನು ತಡೆದರು. ಗುತ್ತಿಗೆದಾರನು ಸಂಪು, ಕಾಂಪೌಂಡು, ಪೋರ್ಟಿಕೋಗಳು ಕರಾರಿನ ಹೊರಗಿನ ಕೆಲಸವೆಂದು ಹೆಚ್ಚಿನ ಹಣ ಕೇಳಿ, ಅದು ಬಾರದಿದ್ದಾಗ ಕೆಲಸವನ್ನೇ ನಿಲ್ಲಿಸಿದನು. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಸಾಲದ ಕಂತು. ಆರು ತಿಂಗಳ ಕಾಲ ಇಬ್ಬರ ನಡುವೆ ಮಾತಿಲ್ಲ. ಮೇಷ್ಟ್ರ ಮನೆಯವರು ನಿದ್ರೆಯಿಲ್ಲದೆ ಸೊರಗಿದರು.

ಆಗ ಪರಿಚಿತರೊಬ್ಬರು ಹೇಳಿದ ವಕೀಲರ ಬಳಿಗೆ ಮೇಷ್ಟ್ರೊಡನೆ ನಾವೂ ಹೋದೆವು. ಅವರ ಮಗಳೂ ಜೊತೆಗಿದ್ದಳು. ಆ ವಕೀಲರು ವಕೀಲಿಗೆ ಬರುವ ಮೊದಲು ಕೆಲವು ವರ್ಷ ಎಂಜಿನಿಯರಾಗಿ ದುಡಿದವರು. ತಮ್ಮ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಕೇಳಿಕೊಂಡಿರುವುದರಿಂದ ನಾವು ಬರೆಯುವುದಿಲ್ಲ. ಅವರು ಕಾನೂನಿನ ಪುಸ್ತಕ ತೆರೆಯಲೇ ಇಲ್ಲ. ಪಾಯ ತೋಡಿದ ದಿನ ಯಾವುದು, ಮೋಲ್ಡ್ ಹಾಕಿದ ದಿನ ಯಾವುದು, ಎಷ್ಟು ದಿನ ನೀರು ಕಟ್ಟಿದಿರಿ, ಸೆಂಟ್ರಿಂಗ್ ಬಿಚ್ಚಿದ್ದು ಯಾವಾಗ, ಹಣ ಕೊಟ್ಟದ್ದು ಚೆಕ್ಕಿನಲ್ಲೋ ಕೈಯಲ್ಲೋ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಮೇಷ್ಟ್ರು ತಡವರಿಸಿದಲ್ಲೆಲ್ಲ ಮಗಳು ತನ್ನ ಟಿಪ್ಪಣಿ ಪುಸ್ತಕ ತೆಗೆದು ದಿನಾಂಕ ಹೇಳಿದಳು. ಕೊನೆಗೆ ಆ ವಕೀಲರು ಕೇಳಿದ ಪ್ರಶ್ನೆಯನ್ನು ನಾವು ಮರೆತಿಲ್ಲ. "ಮೇಷ್ಟ್ರೇ, ನೀವು ತಡೆದ ಹಣದಲ್ಲಿ ಗಾರೆಯವರ ಕೂಲಿ ಎಷ್ಟಿದೆ? ಅವರಿಗೆ ಸಂದಿದೆಯೋ ಇಲ್ಲವೋ, ವಿಚಾರಿಸಿದಿರಾ?" ಮೇಷ್ಟ್ರು ಉತ್ತರಿಸಲಿಲ್ಲ.

ಅಲ್ಲಿಂದ ಮುಂದೆ ನಡೆದದ್ದು ದಾವೆಯಲ್ಲ, ಅಳತೆ. ವಕೀಲರು ಗುತ್ತಿಗೆದಾರನಿಗೆ ನೋಟೀಸು ಕಳುಹಿಸಿದರು. ಆದರೆ ಅದರಲ್ಲಿ ಬೆದರಿಕೆಯ ಮಾತಿರಲಿಲ್ಲ, ಜಂಟಿ ತನಿಖೆಯ ಆಹ್ವಾನವಿತ್ತು. ಎರಡೂ ಪಕ್ಷದವರು ಒಪ್ಪಿದ ಒಬ್ಬ ಎಂಜಿನಿಯರು ಬಂದರು. ಟೇಪಿನ ಒಂದು ತುದಿಯನ್ನು ಮೇಷ್ಟ್ರ ಮಗಳು, ಮತ್ತೊಂದು ತುದಿಯನ್ನು ಗುತ್ತಿಗೆದಾರನ ಮೇಸ್ತ್ರಿ ಹಿಡಿದರು. ದೂರುಗಳೆಲ್ಲ ಮೂರು ಪಾಲಾದವು. ಕೈಗೆಲಸದ ದೋಷವನ್ನು ಗುತ್ತಿಗೆದಾರನು ತನ್ನ ಖರ್ಚಿನಲ್ಲಿಯೇ ಸರಿಪಡಿಸಬೇಕು. ನಿಜವಾಗಿಯೂ ಹೆಚ್ಚಿಗೆ ಮಾಡಿದ ಕೆಲಸಕ್ಕೆ ಮೇಷ್ಟ್ರು ಹಣ ಕೊಡಬೇಕು. ಗಾರೆ ಒಣಗುವಾಗ ಮೂಡುವ ಕೂದಲೆಳೆಯಂತಹ ಬಿರುಕುಗಳಿಗೆ ಯಾರೂ ಹೊಣೆಯಲ್ಲ. ತಡೆದ ಹಣದಿಂದ ಮೊದಲು ಕೂಲಿಯ ಬಾಕಿ ಎಲ್ಲರೆದುರು ಸಂದಾಯವಾಯಿತು. ನಾಲ್ಕು ತಿಂಗಳೊಳಗೆ ಗೃಹಪ್ರವೇಶ ನಡೆದು, ಗುತ್ತಿಗೆದಾರನೂ ಬಂದು ಪ್ರಸಾದ ಸ್ವೀಕರಿಸಿ ಹೋದನು.

ಈ ನಡೆ ನಮ್ಮ ಶರಣ ಪರಂಪರೆಗೆ ಹೊಸದೇನಲ್ಲ. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬರುವಂತೆ ಲಕ್ಕಮ್ಮನು ತಿಳಿಹೇಳಿದ ಕಥೆಯನ್ನು ಅರಿಯದ ಭಕ್ತರಿಲ್ಲ. ಕಟ್ಟಡದ ಲೆಕ್ಕದಲ್ಲಿಯೂ ಅಂತಿಮವಾಗಿ ಉಳಿಯುವ ಪ್ರಶ್ನೆ ಅದೇ: ದುಡಿದದ್ದಕ್ಕೆ ಸಲ್ಲಬೇಕಾದುದೆಷ್ಟು, ಸಲ್ಲಬಾರದುದೆಷ್ಟು? ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ, ಅನಂತರ ಕಲ್ಯಾಣಕ್ಕೆ ಬಂದವರು. ಕಟ್ಟುವ ಕೆಲಸಕ್ಕೂ ಅನುಭಾವಕ್ಕೂ ನಮ್ಮಲ್ಲಿ ದೂರವಿಲ್ಲ.

ಕಟ್ಟಿದವನ ಹೊಣೆ ಎಂಬ ವಿಚಾರವು ಬಹು ಪುರಾತನವಾದುದು. ಸುಮಾರು ೩,೭೦೦ ವರ್ಷಗಳ ಹಿಂದೆ ಬ್ಯಾಬಿಲೋನಿನ ಹಮ್ಮುರಬಿ ದೊರೆಯ ಶಾಸನವು, ಕಟ್ಟಿದ ಮನೆ ಕುಸಿದು ಯಜಮಾನನು ಸತ್ತರೆ ಕಟ್ಟಿದವನಿಗೆ ಮರಣದಂಡನೆ ವಿಧಿಸಿತ್ತು. ಇಂದಿನ ಕಾನೂನು ಸಾಮಾನ್ಯ ಕರಾರಿನ ವ್ಯಾಜ್ಯದಲ್ಲಿ ತಲೆಯನ್ನು ಕೇಳುವುದಿಲ್ಲ, ಲೆಕ್ಕವನ್ನು ಕೇಳುತ್ತದೆ. ೧೮೭೨ರ ಭಾರತೀಯ ಕರಾರು ಅಧಿನಿಯಮದಂತೆ ಕರಾರು ಮುರಿದವನು ಅದರಿಂದಾದ ನಷ್ಟವನ್ನು ತುಂಬಿಕೊಡಬೇಕು. ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ನ್ಯಾಯವಾಗಿ ಮಾಡಿಕೊಟ್ಟ ಕೆಲಸದ ಲಾಭವನ್ನು ಪಡೆದವನು ಅದಕ್ಕೆ ಪ್ರತಿಫಲ ಕೊಡಬೇಕು. ಮೇಷ್ಟ್ರ ಸಂಪಿಗೂ ಸೋರಿಕೆಗೂ ಉತ್ತರ ಈ ಎರಡು ತತ್ತ್ವಗಳಲ್ಲಿಯೇ ಇತ್ತು.

ನಮ್ಮ ಕರ್ನಾಟಕದಿಂದಲೇ ಹೋದ ಕೆಲವು ವ್ಯಾಜ್ಯಗಳು ಇಡೀ ದೇಶಕ್ಕೆ ದಾರಿದೀಪವಾಗಿವೆ ಎಂಬುದನ್ನು ಓದುಗರು ತಿಳಿಯಬೇಕು. ಉಡುಪಿಯಲ್ಲಿ ವಾಸದ ಬಡಾವಣೆಯೊಂದರಲ್ಲಿ ಕಲ್ಯಾಣಮಂಟಪಕ್ಕೆಂದು ಮಂಜೂರಾದ ಕಟ್ಟಡವನ್ನು ಚಿತ್ರಮಂದಿರವನ್ನಾಗಿ ಮಾಡಲು ಪುರಸಭೆ ಅನುಮತಿ ಕೊಟ್ಟಾಗ, ಅಲ್ಲಿಯ ನಿವಾಸಿಯೊಬ್ಬರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. ಯೋಜನೆಗೆ ವಿರುದ್ಧವಾದ ಕಟ್ಟಡವು ನೆರೆಯ ನಿವಾಸಿಗಳ ಹಕ್ಕಿಗೆ ಧಕ್ಕೆ ತರುತ್ತದೆಯೆಂದು ೧೯೭೪ರಲ್ಲಿ ತೀರ್ಪಾಯಿತು. ೧೯೯೧ರಲ್ಲಿ ಬೆಂಗಳೂರಿನ ಬಡಾವಣೆಯೊಂದರ ಉದ್ಯಾನದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ಸಲ್ಲದೆಂದು ಅದೇ ನ್ಯಾಯಾಲಯ ಹೇಳಿತು. ತೀರ್ಥಹಳ್ಳಿಯ ಅಕ್ಕಿ ಗಿರಣಿಯೊಂದಕ್ಕೂ ರಾಜ್ಯ ಸರ್ಕಾರಕ್ಕೂ ನಡೆದ ವ್ಯಾಜ್ಯದಲ್ಲಿ ೧೯೮೭ರಲ್ಲಿ ಬಂದ ತೀರ್ಪು ಇನ್ನೂ ಮುಖ್ಯವಾದುದು. ಅದು ಕಟ್ಟಡದ ಕರಾರಲ್ಲ. ಆದರೂ ಕರಾರು ಮುರಿಯಿತೋ ಇಲ್ಲವೋ ಎಂಬುದನ್ನು ಕರಾರಿನ ಒಂದು ಪಕ್ಷವೇ ತೀರ್ಮಾನಿಸುವಂತಿಲ್ಲ ಎಂಬ ಅದರ ತತ್ತ್ವವನ್ನು ಇಂದಿಗೂ ಗುತ್ತಿಗೆಯ ವ್ಯಾಜ್ಯಗಳಲ್ಲಿ ವಕೀಲರು ಎತ್ತಿ ಹೇಳುತ್ತಾರೆ. ತನ್ನ ಜಗಳಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎಂಬುದು ಹಳ್ಳಿಯ ಪಂಚಾಯಿತಿಕಟ್ಟೆಯೂ ಬಲ್ಲ ಧರ್ಮವಲ್ಲವೇ?

ಇದೇ ಧರ್ಮವು ಆರ್ಬಿಟ್ರೇಷನ್ ಎಂಬ ಪಂಚರ ನ್ಯಾಯಕ್ಕೂ ನಿಧಾನವಾಗಿ ಇಳಿದುಬಂದಿದೆ. ದೊಡ್ಡ ಗುತ್ತಿಗೆಗಳ ಜಗಳಗಳು ಬಹುಮಟ್ಟಿಗೆ ಇಂತಹ ಪಂಚರ ಮುಂದೆಯೇ ತೀರುತ್ತವೆ. ೧೯೪೦ರ ಅಧಿನಿಯಮವು ಹೋಗಿ ೧೯೯೬ರಲ್ಲಿ ಹೊಸದು ಬಂದಿತು. ಒಂದು ಪಕ್ಷದ ನೌಕರನೇ ಪಂಚನಾಗುವುದನ್ನು ೨೦೧೫ರ ತಿದ್ದುಪಡಿ ತಡೆಯಿತು. ಸರ್ಕಾರಿ ಸಂಸ್ಥೆಗಳು ಖಾಸಗಿಯವರೊಡನೆ ಮಾಡುವ ಕರಾರುಗಳಲ್ಲಿ ಒಂದೇ ಪಕ್ಷವು ಏಕೈಕ ಪಂಚನನ್ನು ನೇಮಿಸುವ ಷರತ್ತು ಸಮಾನತೆಗೆ ವಿರುದ್ಧವೆಂದು ೨೦೨೪ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಸಾರಿತು. ಇಂಗ್ಲೆಂಡಿನಲ್ಲಿ ಕಟ್ಟಡ ಮತ್ತು ತಾಂತ್ರಿಕ ವ್ಯಾಜ್ಯಗಳಿಗೆಂದೇ ೧೯೯೮ರಿಂದ ಆ ಹೆಸರಿನ ಪ್ರತ್ಯೇಕ ನ್ಯಾಯಾಲಯವಿದೆ. ನಮ್ಮಲ್ಲಿ ೨೦೧೫ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮವು ನಿರ್ಮಾಣದ ಕರಾರುಗಳನ್ನು ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ತುರ್ತು ಪರಿಹಾರ ಬೇಕಿಲ್ಲದ ದಾವೆಗಳಲ್ಲಿ ಮೊದಲು ಸಂಧಾನಕ್ಕೆ ಯತ್ನಿಸಲೇಬೇಕೆಂದೂ ವಿಧಿಸಿದೆ.

ಮೈಸೂರಿನವರಾದ ನಾವು ಈ ವಿಷಯವನ್ನು ದೂರದ್ದೆಂದು ಭಾವಿಸುವಂತಿಲ್ಲ. ೧೮೯೭ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ, ಹೆನ್ರಿ ಇರ್ವಿನ್ನನ ವಿನ್ಯಾಸದಲ್ಲಿ ಈಗಿನ ಅರಮನೆ ಎದ್ದು ೧೯೧೨ರಲ್ಲಿ ಪೂರ್ಣವಾಯಿತು. ಅದರ ವೆಚ್ಚ ರೂ. ೪೧,೪೭,೯೧೩ ಎಂದು ಕೊನೆಯ ರೂಪಾಯಿಯವರೆಗೆ ನಾವು ಇಂದಿಗೂ ಹೇಳಬಲ್ಲೆವು. ಯಾರೋ ಕುಳಿತು ನಿಷ್ಠೆಯಿಂದ ಲೆಕ್ಕ ಬರೆದಿಟ್ಟುದರ ಫಲವದು. ಅದೇ ಊರಿನಲ್ಲಿ ೨೦೧೨ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ೨೦೧೬ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿದ್ದಿತು. ಕೆಡವಿ ಕಟ್ಟಬೇಕೆಂದು ಕೆಲವು ತಜ್ಞರು, ದುರಸ್ತಿ ಮಾಡಿ ಉಳಿಸಬಹುದೆಂದು ಕೆಲವು ತಜ್ಞರು ಹೇಳಿದರು. ವಿವಾದ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ಹೂವು, ಹಣ್ಣು, ವೀಳ್ಯದೆಲೆ ಮಾರುವ ಎಷ್ಟೋ ಕುಟುಂಬಗಳ ಅನ್ನ, ಊರಿನ ಪರಂಪರೆ, ಜನರ ಪ್ರಾಣರಕ್ಷಣೆ ಈ ಮೂರನ್ನೂ ಒಂದೇ ತಕ್ಕಡಿಯಲ್ಲಿಡಬೇಕಾದಾಗ, ತಜ್ಞನ ವರದಿಯನ್ನು ಓದಬಲ್ಲ, ಅದನ್ನು ಪ್ರಶ್ನಿಸಬಲ್ಲ ವಕೀಲನು ಎಷ್ಟು ಅವಶ್ಯಕನೆಂಬುದು ಅರಿವಾಗುತ್ತದೆ.

ಇನ್ನು ಆ ವೃತ್ತಿಯ ದಾರಿ. ಪದವಿಯ ಮೇಲೆ ಮೂರು ವರ್ಷ ಅಥವಾ ಪಿ.ಯು.ಸಿ.ಯ ಮೇಲೆ ಐದು ವರ್ಷ ಕಾನೂನು ಓದಬೇಕು. ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, ಅಖಿಲ ಭಾರತ ಮಟ್ಟದ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮೈಸೂರಿನಲ್ಲಿಯೇ ಶಾರದಾ ವಿಲಾಸ, ಜೆ.ಎಸ್.ಎಸ್. ಮೊದಲಾದ ಕಾನೂನು ಕಾಲೇಜುಗಳಿರುವುದರಿಂದ ಊರು ಬಿಡುವ ಅಗತ್ಯವಿಲ್ಲ. ಆದರೆ ಓದು ಮುಗಿದ ಮೇಲಿನ ಮೊದಲ ಕೆಲವು ವರ್ಷಗಳು ಕಠಿಣ. ಹಿರಿಯರ ಕಛೇರಿಯಲ್ಲಿ ಕಡತ ಹೊತ್ತು ಕಲಿಯುವಾಗ ಆದಾಯ ಬಹಳ ಕಡಿಮೆ. ಜಿಲ್ಲಾ ಕೇಂದ್ರದಲ್ಲಿ ಕಟ್ಟಡದ ವ್ಯಾಜ್ಯಗಳಿಂದಲೇ ಜೀವನ ಸಾಗಿಸುವುದು ಸುಲಭವಲ್ಲ. ಪಾಲು, ಬಾಡಿಗೆ, ಜಮೀನಿನ ದಾವೆಗಳನ್ನೂ ನಡೆಸುತ್ತ ಈ ವಿಷಯದಲ್ಲಿ ನಿಧಾನವಾಗಿ ಹೆಸರು ಪಡೆಯಬೇಕು. ನಮ್ಮ ಆ ವಕೀಲರೂ ಹಾಗೆಯೇ ಬೆಳೆದವರು.

ಕಲಿಯಬೇಕಾದುದೂ ಎರಡು ವಿದ್ಯೆಗಳಷ್ಟು. ಕಾಂಕ್ರೀಟಿನ ಹದಿನೈದು ಸೆಂಟಿಮೀಟರಿನ ಘನವನ್ನು ಇಪ್ಪತ್ತೆಂಟನೆಯ ದಿನ ಒತ್ತಿ ಶಕ್ತಿಯನ್ನು ಪರೀಕ್ಷಿಸುತ್ತಾರೆ ಎಂಬುದನ್ನೂ, ಸಾಮಾನ್ಯ ಸಿಮೆಂಟಿಗೆ ಕನಿಷ್ಠ ಏಳು ದಿನ, ಮಿಶ್ರ ಸಿಮೆಂಟಿಗೆ ಹತ್ತು ದಿನ ನೀರುಣಿಸಬೇಕೆಂಬುದನ್ನೂ, ಎರೆ ಮಣ್ಣು ನೀರು ಕುಡಿದು ಉಬ್ಬಿ ಒಣಗಿ ಕುಗ್ಗುವುದರಿಂದ ಪಾಯ ಅಲುಗುತ್ತದೆಂಬುದನ್ನೂ ಅರಿಯದ ವಕೀಲನು ಸಾಕ್ಷಿಗೆ ಬಂದ ಎಂಜಿನಿಯರನ್ನು ಏನೆಂದು ಪ್ರಶ್ನಿಸಿಯಾನು? ಅಳತೆ ಪುಸ್ತಕ, ಕಂತಿನ ಬಿಲ್ಲು, ಪತ್ರವ್ಯವಹಾರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸುವುದೇ ಈ ವೃತ್ತಿಯ ಅರ್ಧ ಕೆಲಸ. ನ್ಯಾಯಾಲಯವು ಕಮಿಷನರನ್ನು ನೇಮಿಸಿ ಸ್ಥಳ ತನಿಖೆ ಮಾಡಿಸಿದಾಗ ವಕೀಲನು ಸಾರುವೆಯ ಮೇಲೆ ಹತ್ತಲೂ ಸಿದ್ಧನಿರಬೇಕು.

ಈ ಸಂದರ್ಭದಲ್ಲಿ ನಮ್ಮ ಗೃಹಸ್ಥ ಬಂಧುಗಳಿಗೆ ಕೆಲವು ಉಪಯುಕ್ತ ವಿಷಯಗಳನ್ನು ಹೇಳುವುದು ಉಚಿತ. ಅಪಾರ್ಟ್‌ಮೆಂಟು ಕೊಳ್ಳುವವರಿಗೆ ೨೦೧೬ರ ರೇರಾ ಅಧಿನಿಯಮದ ರಕ್ಷಣೆಯಿದೆ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯ ಅಥವಾ ಕೈಗೆಲಸದ ದೋಷ ಕಂಡು ತಿಳಿಸಿದರೆ, ನಿರ್ಮಾಪಕನು ಮೂವತ್ತು ದಿನಗಳೊಳಗೆ ಉಚಿತವಾಗಿ ಸರಿಪಡಿಸಬೇಕು. ಆದರೆ ಸ್ವಂತ ನಿವೇಶನದಲ್ಲಿ ಮೇಸ್ತ್ರಿಯನ್ನೋ ಗುತ್ತಿಗೆದಾರನನ್ನೋ ಹಿಡಿದು ಕಟ್ಟಿಸುವ ಮನೆಗೆ ಆ ಅಧಿನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಕರಾರು ಪತ್ರವೇ ರಕ್ಷೆ. ಗೃಹನಿರ್ಮಾಣವೂ ಸೇವೆಯೆಂದು ೧೯೯೩ರಲ್ಲಿ ಕಾನೂನಿಗೆ ಸೇರಿದುದರಿಂದ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಅದಕ್ಕೆ ಎರಡು ವರ್ಷ, ಕರಾರಿನ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ ಎಂಬ ಕಾಲಮಿತಿಯನ್ನು ಮರೆಯಬಾರದು. ನಾಚಿಕೆಗೋ ದಾಕ್ಷಿಣ್ಯಕ್ಕೋ ಸುಮ್ಮನೆ ಕುಳಿತವರ ನ್ಯಾಯವಾದ ಹಕ್ಕೂ ಕೈತಪ್ಪಿಹೋಗುತ್ತದೆ.

ಕರಾರಿನಲ್ಲಿ ಚದರದ ದರ ಒಂದೇ ಸಾಲದು. ಆ ದರದಲ್ಲಿ ಯಾವ ಕೆಲಸ ಸೇರಿದೆ, ಯಾವುದು ಸೇರಿಲ್ಲ, ಸಿಮೆಂಟು ಕಬ್ಬಿಣ ಯಾವ ಗುಣದ್ದು, ಯಾವ ಹಂತಕ್ಕೆ ಎಷ್ಟು ಕಂತು, ಮುಗಿಸುವ ದಿನ ಯಾವುದು, ಹೆಚ್ಚಿನ ಕೆಲಸಕ್ಕೆ ಬರಹದ ಒಪ್ಪಿಗೆ ಬೇಕೇ, ಕೊನೆಯಲ್ಲಿ ಎಷ್ಟು ಹಣವನ್ನು ಎಷ್ಟು ಕಾಲ ಹಿಡಿದಿಡಬಹುದು ಎಂಬಿಷ್ಟನ್ನೂ ಬರೆಯಬೇಕು. ಪ್ರತಿ ಹಂತದ ಛಾಯಾಚಿತ್ರ ಇಡಬೇಕು. "ನಮ್ಮವನೇ, ನಂಬಿಕೆಯ ಮನುಷ್ಯ, ಕಾಗದ ಏಕೆ?" ಎಂಬ ಮಾತನ್ನು ನಮ್ಮ ಸಮಾಜದಲ್ಲಿ ಪದೇ ಪದೇ ಕೇಳುತ್ತೇವೆ. ಇಬ್ಬರು ಸಜ್ಜನರೂ ಒಂದೇ ಮಾತನ್ನು ಎರಡು ರೀತಿಯಲ್ಲಿ ನೆನಪಿಟ್ಟುಕೊಳ್ಳುವುದು ಲೋಕಸಹಜ. ಬರೆದಿಟ್ಟ ಮಾತು ಆ ನಂಬಿಕೆಯನ್ನು ಕಾಯುತ್ತದೆ.

ಮೇಷ್ಟ್ರಿಗೆ ನಾವು ಇದನ್ನೆಲ್ಲ ವಿವರಿಸಿದೆವು. ವಕೀಲಿ ಎಂಬುದು ಧರ್ಮಕ್ಕೆ ದೂರವಾದ ವೃತ್ತಿಯೆಂಬ ಅವರ ಶಂಕೆಗೆ ಡಾ. ಫ. ಗು. ಹಳಕಟ್ಟಿಯವರನ್ನು ನೆನಪಿಸಿದೆವು. ವಿಜಯಪುರದಲ್ಲಿ ವಕೀಲರಾಗಿದ್ದ ಆ ಮಹನೀಯರು ವಚನಗಳ ಓಲೆಗಳನ್ನು ಊರೂರಿನಿಂದ ಸಂಗ್ರಹಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ತಮ್ಮ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು. ದಾಖಲೆಯನ್ನು ಹುಡುಕಿ, ಹೋಲಿಸಿ, ಸತ್ಯವನ್ನು ಗೊತ್ತುಪಡಿಸುವ ವಕೀಲನ ಅಭ್ಯಾಸವು ಆ ಪುಣ್ಯಕಾರ್ಯದಲ್ಲಿ ಅವರಿಗೆ ಒದಗಿರಲೇಬೇಕೆಂದು ನಾವು ಭಾವಿಸುತ್ತೇವೆ.

ಮಗಳನ್ನೂ ನಾವು ಸುಮ್ಮನೆ ಬಿಡಲಿಲ್ಲ. "ತಾಯಿ, ನಿನ್ನ ಬಳಿಗೆ ಬರುವವರೆಲ್ಲರೂ ನಿನ್ನ ತಂದೆಯಂತಹವರೇ ಆಗಿರುವುದಿಲ್ಲ. ಕೂಲಿ ತಿಂದವನೂ, ಕಬ್ಬಿಣ ಕಡಿಮೆ ಹಾಕಿದವನೂ ದುಡ್ಡು ಹಿಡಿದು ಬರುತ್ತಾರೆ. ಆಗ ಏನು ಮಾಡುವೆ?" ಎಂದು ಕೇಳಿದೆವು. ಆಕೆ ಸ್ವಲ್ಪ ಹೊತ್ತು ಯೋಚಿಸಿದಳು. "ಅವರ ಪರವಾಗಿಯೂ ಯಾರಾದರೂ ಮಾತಾಡಲೇಬೇಕು, ಗುರುಗಳೇ. ಆದರೆ ಇರುವ ಅಳತೆಯನ್ನು ಇಲ್ಲವೆಂದು ನಾನು ಹೇಳಲಾರೆ" ಎಂದಳು. ಆಮೇಲೆ ತಂದೆಯ ಕಡೆಗೆ ತಿರುಗಿ, "ಅಪ್ಪ, ಮೂರು ವರ್ಷ ಕೊಡಿ. ಮದುವೆ ಬೇಡವೆಂದು ನಾನು ಹೇಳಿಲ್ಲ" ಎಂದಳು. ನಾವು ಮತ್ತೇನನ್ನೂ ಕೇಳಲಿಲ್ಲ.

ಈಗ ಆಕೆ ಕಾನೂನಿನ ಮೊದಲ ವರ್ಷದಲ್ಲಿದ್ದಾಳೆ. ಬಂದಿದ್ದ ಸಂಬಂಧದವರು ಕಾಯಲು ಒಪ್ಪದೆ ಬೇರೆ ಕಡೆ ನೋಡಿಕೊಂಡರು. ಮೇಷ್ಟ್ರ ಅಳುಕು ಇನ್ನೂ ಪೂರ್ತಿ ಹೋಗಿಲ್ಲ, ಅವರ ಶ್ರೀಮತಿಯವರು ಒಮ್ಮೊಮ್ಮೆ ನಿಟ್ಟುಸಿರು ಬಿಡುವುದೂ ಉಂಟು. ತಂದೆತಾಯಿಗಳ ಆ ಚಿಂತೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಒಂದು ಮಾತನ್ನು ಸಮಾಜ ಬಾಂಧವರ ಮುಂದೆ ಇಡಬಯಸುತ್ತೇವೆ. ಮಕ್ಕಳು ಯಾವ ವೃತ್ತಿಯನ್ನು ಹಿಡಿದರು ಎಂಬುದಕ್ಕಿಂತ, ಅದರಲ್ಲಿ ಅವರು ಮೊದಲು ಯಾರ ಬಗ್ಗೆ ವಿಚಾರಿಸುತ್ತಾರೆ ಎಂಬುದನ್ನು ನೋಡೋಣ. ಗಾರೆಯವನ ಕೂಲಿಯನ್ನು ಮೊದಲು ವಿಚಾರಿಸುವ ವಕೀಲನ ಕೆಲಸವು ಕಾಯಕವಲ್ಲದೆ ಮತ್ತೇನು? ಅಂತಹವರ ಸಂಖ್ಯೆ ನಮ್ಮ ಮನೆಗಳಿಂದ ಹೆಚ್ಚಲಿ ಎಂದು ಹಾರೈಸುತ್ತೇವೆ.